ಹರಿಯುವ ಲಂಗರ

ಗಂಡನ ಅಂಗಿ ಒಗೆಯುವಾಗ ಲಗಮವ್ವನ ಬೆರಳು ಒಂದು ತೂತಿನೊಳಗೆ ಹೊಕ್ಕಿತು. ಎದೆಯ ಹತ್ತಿರ, ಅಂಚು ಕಪ್ಪಾಗಿ ಸುಟ್ಟ ಸಣ್ಣ ತೂತು. ಬೀಡಿ ಸೇದುವವನಾಗಿದ್ದರೆ ಬೀಡಿಯ ಕಿಡಿ ಎಂದು ಸುಮ್ಮನಾಗಬಹುದಿತ್ತು. ಗಿರಮಲ್ಲಪ್ಪ ಬೀಡಿ ಮುಟ್ಟಿದವನಲ್ಲ. ಇದು ಕಂಬಾರ ಸಾಲಿಯ ಕಿಡಿ. ಕುಲುಮೆಯ ಕಿಡಿ ಗಂಡಸಿನ ಎದೆಗೆ ಬಂದು ಬೀಳಬೇಕಾದರೆ ಅವನು ಎಷ್ಟು ಹತ್ತಿರ ನಿಂತಿರಬೇಕು? ಲಗಮವ್ವ ಅಂಗಿಯನ್ನು ಕಲ್ಲಿನ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಬಡಿದಳು. ಪಾಪ, ಅಂಗಿಯ ತಪ್ಪೇನೂ ಇರಲಿಲ್ಲ.

ಅವರದು ಬೀಳಗಿಯಿಂದ ಎರಡು ಹರದಾರಿ ದೂರದ ಹೊಳೆದಂಡೆಯ ಊರು. ಗಿರಮಲ್ಲಪ್ಪನ ಹಿರಿಯರು ಬೀರೇಶ್ವರನ ಒಕ್ಕಲು, ಕುರಿ ಕಾಯುವ ಜನ. ಅವನ ಅಜ್ಜ ಕುರಿ ದಾಟಿಸಲೆಂದು ಕೃಷ್ಣೆಗೆ ದೋಣಿ ಇಳಿಸಿದ. ಕುರಿಗಳು ದಾಟಿ ಹೋದವು, ಅಜ್ಜ ಅಂಬಿಗನಾಗಿ ಹೊಳೆಯಲ್ಲೇ ಉಳಿದ. ಮೊಮ್ಮಗನ ಕಾಲಕ್ಕೆ ಸಂಸ್ಥಾನಗಳೆಲ್ಲ ಮುಂಬಯಿ ಸರಕಾರದಲ್ಲಿ ಕೂಡಿ, ಸುಂಕದ ನಾಕೆಗಳು ಎದ್ದುಹೋಗಿ, ಕೊಲ್ಹಾರದ ಕಡೆಗೆ ಹೊಳೆ ದಾಟುವವರು ಹೆಚ್ಚಿದರು. ಬನಹಟ್ಟಿಯ ಸೀರೆಗಂಟು ಹೊತ್ತವರು, ಮುಧೋಳದ ಬೆಲ್ಲದವರು, ಬೀಗರ ಮನೆಗೆ ಹೋಗುವವರು, ಬೀಗರ ಮನೆಯಲ್ಲಿ ಜಗಳಾಡಿ ಬರುವವರು. ಗಿರಮಲ್ಲಪ್ಪ ದೊಡ್ಡ ದೋಣಿ ಕಟ್ಟಿಸಿ ಅದಕ್ಕೆ ಹಾಯಿ ಏರಿಸಿದ.

ಹಾಯಿ ದೋಣಿಗೆ ಒಂದೇ ಭಯ. ನಡುಹೊಳೆಯಲ್ಲಿ ಗಾಳಿ ಬಿದ್ದುಹೋದರೆ ಸೆಳವು ದೋಣಿಯನ್ನು ಕೆಳಕ್ಕೆ ಒಯ್ಯುತ್ತದೆ. ಕೆಳಗೆ ಹಲ್ಲುಬಂಡೆ ಎಂದು ಊರವರು ಕರೆಯುವ ಕಲ್ಲಿನ ಸಾಲು ಕಾದು ಕುಳಿತಿದೆ. ಹೀಗಾಗಿ ಗಾಳಿ ಬಿದ್ದ ಕೂಡಲೇ ಲಂಗರ ಬಿಟ್ಟು, ಗಾಳಿ ಮರಳುವವರೆಗೆ ನಿಲ್ಲಬೇಕು. ಹೋದ ಮಳೆಗಾಲದಲ್ಲಿ ಲಂಗರದ ಹಗ್ಗ ತಳದ ಕಲ್ಲಿಗೆ ಉಜ್ಜಿ ಉಜ್ಜಿ ಹರಿದು, ದೋಣಿ ಹಲ್ಲುಬಂಡೆಗೆ ಬಡಿದು ಒಂದು ಮಗ್ಗುಲು ಸೀಳಿಸಿಕೊಂಡಿತ್ತು. ದಂಡೆಯಲ್ಲಿ ನಿಂತು ಅದನ್ನು ಕಂಡಿದ್ದ ಲಗಮವ್ವ ಆಮೇಲೆ ಎಷ್ಟೋ ದಿನ ಗಂಡ ಮನೆಯ ಹೊಸ್ತಿಲು ದಾಟಿದರೂ ಬೆಚ್ಚುತ್ತಿದ್ದಳು. "ಲಂಗರಕ್ಕ ಸರಪಳಿ ಹಾಕಸ್ರಿ, ಹಗ್ಗದ ಸಂಗ್ತಿ ಬ್ಯಾಡ" ಎಂದು ಬೆನ್ನು ಹತ್ತಿದವಳೇ ಅವಳು. ಈಗ ಆ ಮಾತನ್ನು ಹಿಂದಕ್ಕೆ ನುಂಗಲು ಬರುವಂತಿದ್ದರೆ ನುಂಗುತ್ತಿದ್ದಳು.

ಹೆಂಡತಿಯ ಮಾತು ಕೇಳಿ ಗಿರಮಲ್ಲಪ್ಪ ಮೊದಲು ಜಮಖಂಡಿಗೆ ಹೋದ. ಅಲ್ಲಿನ ಹಳೆ ಕಬ್ಬಿಣದ ಅಂಗಡಿಯಲ್ಲಿ ಮುಂಬಯಿಯಿಂದ ಬಂದ ಜಹಜಿನ ಸರಪಳಿಯೊಂದು ಬಿದ್ದಿತ್ತು. ಒಂದೊಂದು ಕೊಂಡಿಯೂ ಮುಂಗೈಯಷ್ಟು ದಪ್ಪ. ಅಂಗಡಿಯವನು ಇದು ಸಮುದ್ರದಲ್ಲಿ ನಿಂತದ್ದು ಎಂದು ಹೊಗಳಿದ. "ಇದನ್ನ ಕಟ್ಟಿದ್ರ ಲಂಗರ ಯಾಕ ಬೇಕು, ಸರಪಳೀನ ದೋಣಿಗೆ ತಳಾ ಕಾಣಸ್ತೈತಿ" ಎಂದು ಗಿರಮಲ್ಲಪ್ಪ ಎದ್ದು ಬಂದ. ಮುಧೋಳದಲ್ಲಿ ಸಿಕ್ಕದ್ದು ತೊಟ್ಟಿಲಿಗೆ ಕಟ್ಟುವಂಥದ್ದು, ಉದ್ದ ಕೊಂಡಿಯ ಸಪೂರ ಸರಪಳಿ. ಅದೂ ಬೇಡವಾಯಿತು. ಕೊನೆಗೆ ಬೀಳಗಿಯ ಕಾಳಪ್ಪ ಕಂಬಾರನ ಹತ್ತಿರ ಎರಡು ಮಾರು ಸರಪಳಿ ಹೊಡೆಯಲು ಹೇಳಿದ. ತಳದಲ್ಲಿ ಕಲ್ಲಿಗೆ ಉಜ್ಜುವ ಭಾಗಕ್ಕೆ ಅಷ್ಟು ಸರಪಳಿ ಸಾಕು, ಅದರ ಮೇಲೆ ಹಗ್ಗವೇ ನಡೆಯುತ್ತದೆ. ಲಗಮವ್ವನ ಹೊಟ್ಟೆಗೆ ಕಿಡಿ ಬಿದ್ದದ್ದು ಅಲ್ಲಿಂದ.

ಗಿರಮಲ್ಲಪ್ಪ ಮಾತು ಕಡಿಮೆಯ ಮನುಷ್ಯ. ಮದುವೆಯಾದಾಗಿನಿಂದ ಅವನು ಹೆಂಡತಿಗೆ ಆಡಿದ ಮಾತನ್ನೆಲ್ಲ ಕೂಡಿಸಿದರೆ ಒಂದು ಸಣ್ಣ ಚೀಲ ತುಂಬುತ್ತಿರಲಿಲ್ಲ. ಅಂಥವನು ಬೀಳಗಿ ಸಂತೆ ಮುಗಿಸಿ ಬಂದು, ಊಟಕ್ಕೆ ಕುಳಿತು, ತಾನಾಗಿಯೇ ಬಾಯಿ ತೆರೆದ.

"ಕೊಂಡಿ ಸಣ್ಣದಿರಬೇಕಂತ. ಉದ್ದನ ಕೊಂಡಿ ನೀರಾಗ ಹೊಳ್ಳಿ ಗಂಟ ಬೀಳ್ತಾವಂತ."

"ಯಾರಂದ್ರು?"

"ಕಸ್ತೂರೆವ್ವ. ಕಾಳಪ್ಪಜ್ಜನ ಸೊಸಿ."

ಲಗಮವ್ವ ರೊಟ್ಟಿ ಬಡಿಯುವ ಕೈಯನ್ನು ನಿಲ್ಲಿಸಲಿಲ್ಲ. ಸಪ್ಪಳ ಮಾತ್ರ ಜೋರಾಯಿತು.

"ತೂಕಾನೂ ಬೇಕು. ಸರಪಳಿ ತಳದಾಗ ಮಲಗಿತಂದ್ರ ಲಂಗರದ ಹಲ್ಲು ನೆಲಾ ಕಚ್ಚಿ ಹಿಡಿತಾವು. ಹಗರಿದ್ರ ಎದ್ದ ಬರ್ತೈತಿ."

"ಇದೂ ಆಕಿನ ಅಂದ್ಲೇನ್ರಿ?"

"ಇಲ್ಲ, ಇದು ನಾ ಅಂದೆ. ಖರೆ ಐತಿ ಅಂದ್ಲು."

ಇದು ಮೊದಲಿನದಕ್ಕಿಂತ ಕೆಟ್ಟದ್ದು. ಅವಳು ಹೇಳಿದ್ದನ್ನು ಇವನು ಕೇಳಿದ್ದರೆ ಸಹಿಸಬಹುದಿತ್ತು. ಇವನು ಹೇಳಿದ್ದನ್ನು ಅವಳು ಕೇಳಿ, ಖರೆ ಎಂದು ತಲೆಯಾಡಿಸಿದ್ದಾಳೆ. ಗಿರಮಲ್ಲಪ್ಪನಿಗೆ ಅಷ್ಟಕ್ಕೂ ಸಮಾಧಾನವಾಗಲಿಲ್ಲ. ಒಲೆಯ ಪಕ್ಕದಲ್ಲಿ ಒರಗಿಸಿಟ್ಟಿದ್ದ ಇನ್ನೊಂದು ಕಬ್ಬಿಣದ ಹಂಚನ್ನು ಬೆರಳಿನಿಂದ ಬಡಿದು ಕಿವಿಗೊಟ್ಟು ಕೇಳಿದ.

"ಛಲೋ ಕಬ್ಬಿಣ ಬಡದ್ರ ಹಾಡತೈತಂತ. ಇದು ಹಾಡಂಗಿಲ್ಲ ನೋಡ."

ಅದು ಲಗಮವ್ವನ ತವರಿನ ಹಂಚು. "ರೊಟ್ಟಿ ಬೇಯಿಸಿದ್ರ ಸಾಕ್ರಿ ಅದು," ಎಂದಳು. "ಹಾಡಾಕ ಅದೇನ ಗೀಗೀ ಮೇಳಕ್ಕ ಹೊಂಟೈತೇನು?"

ಅವನು ನಕ್ಕ. ನಕ್ಕದ್ದೂ ತಪ್ಪೇ. ಈ ನಗು ಎಲ್ಲಿಂದ ಬಂತು, ಯಾರು ಕಲಿಸಿ ಕಳಿಸಿದರು ಎಂದು ಲಗಮವ್ವ ರೊಟ್ಟಿಯ ಮುಂದೆ ಕುಳಿತು ಲೆಕ್ಕ ಹಾಕಿದಳು.

ಮುಂದಿನ ಸಂತೆಗೂ ಹೋದ, ಅದರ ಮುಂದಿನದಕ್ಕೂ ಹೋದ. ಬಂದಾಗಲೊಮ್ಮೆ ಕಸ್ತೂರೆವ್ವನ ಮಾತು. ಕೊಂಡಿಯ ಎರಡು ತುದಿಗಳನ್ನು ಬೆಳ್ಳಗೆ ಕಾಯಿಸಿ ಒಂದರೊಳಗೊಂದು ಕೂಡುವಂತೆ ಬಡಿಯುವುದಕ್ಕೆ ಬೆಸುಗೆ ಎನ್ನುತ್ತಾರೆ, ಸರಪಳಿಯ ಜೀವವೆಲ್ಲ ಆ ಬೆಸುಗೆಯಲ್ಲಿದೆ, ಕಸ್ತೂರೆವ್ವ ಬಡಿದ ಬೆಸುಗೆ ಬಿಡುವುದಿಲ್ಲ. ಲಗಮವ್ವನಿಗೆ ಬೆಸುಗೆ ಎಂಬ ಮಾತೇ ಸೇರದಂತಾಯಿತು. ಪಕ್ಕದ ಮನೆಯ ಸಾತವ್ವನನ್ನು ಕೇಳಿದಳು. ಸಾತವ್ವನಿಗೆ ಸುತ್ತಲಿನ ಊರುಗಳ ಸುದ್ದಿಯೆಲ್ಲ ಗೊತ್ತು.

"ಗಂಡಿಲ್ಲಬೇ ಆಕಿಗೆ, ತೀರಿಕೊಂಡ," ಎಂದಳು ಸಾತವ್ವ. "ಮುದುಕನ ಕಣ್ಣು ಮಂಜ, ಕಿವಿ ಕಿವುಡ. ಸುತ್ತಗಿ ಆಕಿನ ಹೊಡಿತಾಳ. ಎಂಥಾ ತೋಳಂತಿ!"

"ನೋಡಾಕ ಹೆಂಗದಾಳ?"

"ನಿಂಗ್ಯಾಕ ಬೇಕು ಅದು?" ಎಂದು ಸಾತವ್ವ ಕಣ್ಣು ಸಣ್ಣದು ಮಾಡಿದಳು. "ಮಸಿ ತೊಳಕೊಂಡ್ರ ಛಲೋನ ಇದ್ದಾಳು."

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎನ್ನುತ್ತಾರೆ. ಇಲ್ಲಿ ಬೆಂಕಿಗೆ ಏನು ಕಡಿಮೆ, ಅದು ಕಂಬಾರ ಸಾಲಿ. ಆದರೆ ಲಗಮವ್ವನನ್ನು ಸುಡುತ್ತಿದ್ದದ್ದು ಆ ತೋಳಲ್ಲ, ಮುಖವಲ್ಲ. ಇಷ್ಟು ವರ್ಷ ಈ ಮಾತೆಲ್ಲ ಇವನ ಹೊಟ್ಟೆಯಲ್ಲಿ ಎಲ್ಲಿದ್ದವು? ನೀರಿನ ಮಾತು, ತೂಕದ ಮಾತು, ಯಾವುದು ಹಿಡಿಯುತ್ತದೆ ಯಾವುದು ಬಿಡುತ್ತದೆ ಎಂಬ ಮಾತು. ಅವಳ ಮುಂದೆ ಅವನು ಮಳೆ ಬಂತು, ಉಪ್ಪು ಕಡಿಮೆ ಎನ್ನುತ್ತಿದ್ದ, ಅಷ್ಟೇ. ಆ ಮಾತು ತನಗೆ ಬರಬೇಕಾದದ್ದು, ದಾರಿ ತಪ್ಪಿ ಇನ್ನೊಬ್ಬಳ ಮನೆಗೆ ಹೋಗಿದೆ ಎಂದು ಅವಳಿಗೆ ಅನಿಸಿತು. ಅನಿಸಿದ ಮೇಲೆ ಊಟ ಸೇರಲಿಲ್ಲ.

ಮತ್ತೆ ಸಂತೆಯ ದಿನ ಬಂತು. ಗಿರಮಲ್ಲಪ್ಪ ರುಮಾಲು ಸುತ್ತಿಕೊಳ್ಳುತ್ತಿದ್ದಾಗ ಲಗಮವ್ವ ಬಾಗಿಲಿಗೆ ಬಂದು ನಿಂತಳು. ಅವಳಾಗಲೇ ಸೀರೆ ಬದಲಿಸಿದ್ದಳು. ಇಳಕಲ್ ಸೀರೆ, ಕೆಂಪು ರೇಷ್ಮೆಯ ಟೋಪಿನ ಸೆರಗು. ಕಂಬಾರ ಸಾಲಿಗೆ ಯಾರೂ ಇಳಕಲ್ ಸೀರೆ ಉಟ್ಟು ಹೋಗುವುದಿಲ್ಲ.

"ನೀವು ಹಾಯಿ ಹೊಲಕೊಂಡ ಕುಂಡ್ರಿ. ಸರಪಳಿ ನಾ ತರ್ತೇನಿ."

"ಇನ್ನೊಂದ ವಾರ ಹಿಡಿತೈತಿ ಅಂದಿದ್ಲು."

"ಮುಗದಿದ್ರ ತರ್ತೇನಿ, ಇಲ್ಲಂದ್ರ ನೋಡಿ ಬರ್ತೇನಿ. ಆರಿಸಾಕ ನನಗೂ ಬರ್ತೈತಿ. ಇಷ್ಟ ದಿನಾ ಕೇಳಿಲ್ಲೇನ ನಿಮ್ಮ ಪುರಾಣಾ!"

ಕಂಬಾರ ಸಾಲಿಗೆ ಹೋದರೆ ಕಸ್ತೂರೆವ್ವ ಇರಲಿಲ್ಲ. ಇದ್ದಿಲು ತರಲು ಸಂತೆಗೆ ಹೋಗಿದ್ದಳು. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಮಸೆದುಕೊಂಡು ಬಂದ ಲಗಮವ್ವನಿಗೆ ಒಂದು ಕಡೆ ನಿರಾಳ, ಇನ್ನೊಂದು ಕಡೆ ಉಟ್ಟ ಸೀರೆ ದಂಡವಾಯಿತಲ್ಲ ಎಂಬ ಸಂಕಟ. ಆರಿದ ಕುಲುಮೆಯ ಮುಂದೆ ಕಾಳಪ್ಪಜ್ಜ ಒಬ್ಬನೇ ಕುಳಿತಿದ್ದ. ಅವನ ಹಿಂದಿನ ಗೋಡೆಯ ಗೂಟಗಳಿಗೆ ಎರಡು ಸರಪಳಿ ತೂಗುಬಿದ್ದಿದ್ದವು.

ಲಗಮವ್ವ ಎರಡನ್ನೂ ಕೈಯಲ್ಲಿ ಹಿಡಿದು ನೋಡಿದಳು. ಎರಡೂ ಎರಡು ಮಾರು, ಎರಡರದೂ ಸಣ್ಣ ಕೊಂಡಿ, ಕಿರುಬೆರಳಿನ ದಪ್ಪ. ಒಂದು ಕಪ್ಪಗೆ, ಪ್ರತಿ ಕೊಂಡಿಯ ಮಗ್ಗುಲಲ್ಲೂ ಬೆಸುಗೆಯ ಗಂಟು ಎದ್ದು ಒರಟಾಗಿತ್ತು, ತುದಿಗೆ ಕಟ್ಟುವ ಕಬ್ಬಿಣದ ಬಳೆ ಇನ್ನೂ ಕೂಡಿರಲಿಲ್ಲ. ಇನ್ನೊಂದು ನುಣ್ಣಗೆ ಅರ ಹಾಕಿ ಎಣ್ಣೆ ಸವರಿದ್ದು, ತುದಿಗೆ ಬಳೆ ಕೂಡಿ ತಯಾರಾಗಿತ್ತು. ಗಂಡ ಹೇಳಿದಂತೆ ಬೆರಳಿನಿಂದ ಬಡಿದಳು. ಎರಡೂ ಹಾಡಿದವು. ಹಾಗಾದರೆ ಚಂದದ್ದನ್ನು ಬಿಟ್ಟು ಒರಟನ್ನು ಯಾರು ಒಯ್ಯುತ್ತಾರೆ? ಚಂದದ್ದು ಮುಗಿದು ಗೂಟಕ್ಕೆ ತೂಗುತ್ತಿರುವಾಗ "ಇನ್ನೊಂದು ವಾರ" ಎಂದು ಗಂಡನಿಗೆ ಹೇಳಿ ಕಳಿಸಿದ್ದೇಕೆ? ಇನ್ನೊಮ್ಮೆ ಬರಲಿ ಎಂದಲ್ಲದೆ ಮತ್ತೇಕೆ? ಲಗಮವ್ವನಿಗೆ ಎಲ್ಲ ಬೆಳಗಿನಷ್ಟು ಸ್ಪಷ್ಟವಾಯಿತು.

"ಯಜ್ಜಾ, ಲಂಗರ ಒಯ್ಯಾಕ ಬಂದೇನಿ!" ಎಂದು ಅವನ ಕಿವಿಯ ಹತ್ತಿರ ಒದರಿದಳು.

"ಲಂಗರೇನವಾ? ಯಾವುದು? ಹರಿಯೂದೇನು?"

ಹರಿಯುವ ಹೊಳೆಯ ಲಂಗರವೇ ಎಂದು ಕೇಳುತ್ತಿದ್ದಾನೆ ಮುದುಕ, ಎಂದುಕೊಂಡಳು ಲಗಮವ್ವ. "ಹೌದ್ರಿ ಯಜ್ಜಾ, ಹರಿಯೂದರದ!"

"ಹಂಗಾರ ಆ ನುಣ್ಣಂದು. ಸೊಸಿ ಬರ್ಲಿ ತಡಿ, ಆಕಿ ಕೈಯಾರೆ ಕೊಡ್ತಾಳ."

"ಆಕಿ ಕೈ ಯಾಕ್ರಿ, ನನಗ ಕೈ ಇಲ್ಲೇನು?"

"ಒಯ್ಯಿ ಹಂಗಾರ. ಮಲ್ಲಯ್ಯ ನಿಮಗ ಛಲೋ ಮಾಡ್ಲಿ," ಎಂದು ಮುದುಕ ಕೈ ಎತ್ತಿದ.

ತಪ್ಪು ಯಾರದು ಎಂದು ಹೇಳುವುದು ಕಷ್ಟ. ಕನ್ನಡದಲ್ಲಿ ಹೊಳೆಯೂ ಹರಿಯುತ್ತದೆ, ಹಗ್ಗವೂ ಹರಿಯುತ್ತದೆ. ಆ ಕಡೆಯವರಿಗೆ ಲಂಗರವೂ ಎರಡು. ಒಂದು ದೋಣಿಯದು. ಇನ್ನೊಂದು ಮಂಗಸೂಳಿ ಮಲ್ಲಯ್ಯನಿಗೆ ಹರಕೆ ಹೊತ್ತವರದು. ಆ ಸರಪಳಿಯನ್ನೂ ಲಂಗರ ಎಂದೇ ಕರೆಯುತ್ತಾರೆ, ದೇವರ ಮುಂದೆ ಅರಿಶಿನದ ಭಂಡಾರ ಹಾರಿಸಿ, "ಏಳಕೋಟ!" ಎಂದು ಕೂಗಿ, ಒಂದೇ ಜಗ್ಗಿಗೆ ಅದನ್ನು ಹರಿಯಬೇಕು. ಹರಿಯದಿದ್ದರೆ ಹರಕೆ ಮುಟ್ಟಲಿಲ್ಲ ಎಂದು ಲೆಕ್ಕ. ಅದಕ್ಕಾಗಿ ಕಾಳಪ್ಪನ ಮನೆತನದಲ್ಲಿ ಆ ಸರಪಳಿಯ ಒಂದು ಕೊಂಡಿಗೆ ಬೆಸುಗೆ ಹಾಕದೆ, ಬರೀ ಬಾಯಿ ಮುಚ್ಚಿ, ಅರದಿಂದ ಗೆರೆ ಮರೆಸಿ ಬಿಡುತ್ತಿದ್ದರು. ಅದು ದೇವರ ಕೊಂಡಿ. ಕೊಡುವವರೂ ಹೇಳುತ್ತಿರಲಿಲ್ಲ, ಒಯ್ಯುವವರೂ ಕೇಳುತ್ತಿರಲಿಲ್ಲ. ಲಗಮವ್ವನೂ ಕೇಳಲಿಲ್ಲ. ಕಸ್ತೂರೆವ್ವ ಬರುವುದರೊಳಗೆ ಹೋಗಬೇಕೆಂದು ದೇವರ ಲಂಗರವನ್ನು ಸಿಂಬೆಯ ಮೇಲೆ ಇಟ್ಟುಕೊಂಡು, ಬಿರಬಿರನೆ ಊರ ದಾರಿ ಹಿಡಿದಳು. ತಲೆಯ ಭಾರ ಅವಳಿಗೆ ತಿಳಿಯಲೇ ಇಲ್ಲ. ಗೆದ್ದವರಿಗೆ ಭಾರ ತಿಳಿಯುವುದಿಲ್ಲ.

ಗಿರಮಲ್ಲಪ್ಪ ಸರಪಳಿಯನ್ನು ಅಂಗಳದಲ್ಲಿ ಉದ್ದಕ್ಕೆ ಹಾಸಿ, ಕೊಂಡಿ ಕೊಂಡಿಯನ್ನೂ ಮುಟ್ಟಿ ನೋಡಿದ. ಅರ ಹಾಕಿ ಎಣ್ಣೆ ಸವರಿದ ಕಬ್ಬಿಣದಲ್ಲಿ ಅವನಿಗೂ ಗೆರೆ ಕಾಣಲಿಲ್ಲ. ಲಗಮವ್ವ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, ಅವನ ಬಾಯಿಂದ ಬೀಳುವ ಮಾತಿಗಾಗಿ ಕಾದು ನಿಂತಳು. ಎರಡು ಹರದಾರಿ ತಲೆಯ ಮೇಲೆ ಹೊತ್ತು ತಂದವಳು, ಒಂದು ಮಾತಿಗೆ ಆಸೆಪಟ್ಟರೆ ತಪ್ಪೇ?

"ಎಷ್ಟ ನುಣ್ಣಗ ಮಾಡ್ಯಾಳ ನೋಡ ಕಸ್ತೂರೆವ್ವ," ಎಂದ ಗಿರಮಲ್ಲಪ್ಪ.

"ಆರಿಸಿದಾಕಿ ನಾನ್ರೀ!" ಎಂದು ಲಗಮವ್ವ ಕೂಗಿಯೇಬಿಟ್ಟಳು. "ಎರಡರಾಗ ಆರಿಸಿ ತಂದೇನಿ. ಆ ಒರಟ ಒಂದಿತ್ತು, ಅದನ್ನ ನಿಮ್ಮ ಕೊರಳಿಗೆ ಕಟ್ಟವ್ರಿದ್ರು."

"ಆತು, ನೀನ ಆರಿಸಿದಿ," ಎಂದು ಅವನು ಸರಪಳಿಯನ್ನು ಸುತ್ತಿಕೊಂಡು ಹೊಳೆಗೆ ನಡೆದ. ಹೆಸರು ಕಸ್ತೂರೆವ್ವನದು, ಹೊರೆ ತನ್ನದು. ಆ ದಿನ ಲಗಮವ್ವ ಮಾಡಿದ ಪಲ್ಯದಲ್ಲಿ ಖಾರ ಹೆಚ್ಚಾಯಿತು. ಅವನು ಉಸ್ ಉಸ್ ಎನ್ನುತ್ತ ತಿಂದ.

ಸರಪಳಿ ಬಂದ ಮೇಲೆ ಗಿರಮಲ್ಲಪ್ಪನಿಗೆ ಧೈರ್ಯ ಹೆಚ್ಚಿತು. ಮೊದಲಾದರೆ ಗಾಳಿ ಸ್ವಲ್ಪ ಅನುಮಾನ ತೋರಿಸಿದರೂ ಹುಟ್ಟು ಹಾಕಿ ದಂಡೆಗೆ ಮರಳುತ್ತಿದ್ದ. ಈಗ ಬೀಳಲಿ ಬಿಡು, ಲಂಗರವಿದೆ ಎನ್ನುತ್ತಿದ್ದ. ಹೊಳೆಗೆ ಕೆಂಪು ನೀರು ಬಂದು ಎರಡೂ ದಂಡೆ ತುಂಬಿತು. ಪುಣ್ಯಕ್ಕೆ ಗಾಳಿ ಕೆಲವು ದಿನ ಚೆನ್ನಾಗಿ ಬೀಸಿ, ಲಂಗರ ದೋಣಿಯ ಮೂತಿಯಲ್ಲಿ ಒಣಗಿಕೊಂಡೇ ಕುಳಿತಿತ್ತು.

ಆದಿತ್ಯವಾರ. ಲಗಮವ್ವ ಗಂಡನಿಗೆ ಬುತ್ತಿ ತಂದಳು. ಬರುವಷ್ಟರಲ್ಲಿ ದೋಣಿ ದಂಡೆ ಬಿಟ್ಟಿತ್ತು. ಸೀರೆಗಂಟಿನವರು, ಕೂಸು ಎತ್ತಿಕೊಂಡ ಹೆಂಗಸರು, ಮೂರ್ನಾಲ್ಕು ಆಡು. ಹಿಂದೆ ಚುಕ್ಕಾಣಿಗೆ ಹುಲೆಪ್ಪ, ಅವರ ಮನೆಯ ಹಳೆಯ ಆಳು. ಮುಂದೆ ಹಾಯಿಯ ಹಗ್ಗ ಹಿಡಿದು ಗಿರಮಲ್ಲಪ್ಪ. ದೋಣಿ ತಪ್ಪಿಸಿಕೊಂಡವರು ದಂಡೆಯಲ್ಲಿ ನಿಂತು "ಏ ಅಂಬಿಗಾ, ತಡಿಯೋ!" ಎಂದು ಕೂಗುತ್ತಲೇ ಇದ್ದರು. ಅವನು ತಿರುಗಿ ನೋಡಲಿಲ್ಲ. ಎರಡು ದಂಡೆಯ ಜನ ದಿನವಿಡೀ ಹಾಗೆ ಕೂಗುತ್ತಾರೆ, ಕಿವಿಗೊಡುತ್ತ ಕುಳಿತರೆ ದೋಣಿ ನಡೆಯುವುದಿಲ್ಲ.

ಬೀಳಗಿಯ ದಾರಿಯಿಂದ ಒಬ್ಬ ಹೆಂಗಸು ಹೆಚ್ಚುಕಡಿಮೆ ಓಡುತ್ತಲೇ ಬಂದಳು. ತಲೆಯ ಮೇಲೆ ಭಾರದ ಗಂಟು, ಮೊಳಕಾಲವರೆಗೆ ಕೆಸರು. ಗಂಟನ್ನು ಧಪ್ಪನೆ ಇಳಿಸಿದಳು. ಅದರೊಳಗಿನಿಂದ ಕಪ್ಪು, ಒರಟು ಸರಪಳಿಯ ತುದಿ ಹೊರಗೆ ಬಿತ್ತು. ಯಾರು ಎಂದು ಲಗಮವ್ವನಿಗೆ ಯಾರೂ ಹೇಳಬೇಕಾಗಲಿಲ್ಲ. ತೋಳಿನ ಮೇಲೆ ಕಿಡಿ ಸುಟ್ಟ ಕಲೆಗಳು. ಚೆಲುವೆಯೇ ಆಗಿದ್ದಳು, ಸುಳ್ಳು ಹೇಳಿ ಏನು ಪ್ರಯೋಜನ? ಓಡಿ ಬಂದು ಮುಖ ಕೆಂಪಾಗಿ ಇನ್ನಷ್ಟು ಚೆಲುವೆಯಾಗಿದ್ದಳು. ನನ್ನ ಗಂಡನ ದೋ‍ಣಿಯವರೆಗೂ ಬಂದಳಲ್ಲ ಎಂದು ಲಗಮವ್ವನ ಮೈಯೆಲ್ಲ ಉರಿಯಿತು.

"ಏನ ಬೇಕಾಗಿತ್ತು?" ಎಂದಳು.

"ಯಕ್ಕಾ, ದೋಣಿ ಗಿರಮಲ್ಲಪ್ಪನ ಮನಿಯಾಕಿ ನೀವ ಏನು? ಮಾವ ತಪ್ಪಿ ಕೊಟ್ಟಾನು. ನೀವು ಒಯ್ದದ್ದು ದೇವ್ರ ಲಂಗರ. ಹರಕಿಯವ್ರು ಒಯ್ದಾರಂತ ತಿಳಕೊಂಡಿದ್ದೆ, ಅವ್ರು ಮುಂಜಾನೆ ಕೇಳಾಕ ಬಂದಾಗ ಗೊತ್ತಾತು. ಅದರಾಗ ಒಂದ ಕೊಂಡಿಗೆ ಬೆಸಿಗಿ ಇಲ್ಲ ಯಕ್ಕಾ, ಜಗ್ಗಿದ್ರ ಹರಿತೈತಿ. ಎಲ್ಲಿ ಅದಾರ ಅವರು?"

ಲಗಮವ್ವನಿಗೆ ಮೊದಲು ತಿಳಿದದ್ದು ಕೊನೆಯ ಮಾತಷ್ಟೇ: ಎಲ್ಲಿ ಅದಾರ ಅವರು. ಉಳಿದದ್ದು ಒಂದೊಂದಾಗಿ ಆಮೇಲೆ ಒಳಗಿಳಿಯಿತು. ಹರಿಯೂದೇನು ಎಂದು ಮುದುಕ ಕೇಳಿದ್ದ. ಹೌದು ಎಂದವಳು ತಾನು.

ಅವಳು ಹೊಳೆಯ ಕಡೆ ತಿರುಗಿದಳು. ಹಾಯಿ ಜೋತುಬಿದ್ದಿತ್ತು. ಗಾಳಿ ಯಾವಾಗ ನಿಂತಿತೋ, ದಂಡೆಯ ಮೇಲೆ ನಿಂತು ಜಗಳದ ಹುರುಪಿನಲ್ಲಿದ್ದವಳಿಗೆ ಗೊತ್ತಾಗಿರಲಿಲ್ಲ. ದೋಣಿ ಸೆಳವಿನ ಬಾಯಿಗೆ ಬಂದಿತ್ತು, ಇನ್ನೂ ಒಳಗೆ ಬಿದ್ದಿರಲಿಲ್ಲ. ಈಗಲೇ ಹುಟ್ಟು ಹಾಕಿದರೆ ಓರೆಯಾಗಿ ದಂಡೆಗೆ ಮರಳಬಹುದು. ಲಂಗರವನ್ನು ನಂಬಿ ಸೆಳವಿನಲ್ಲಿ ನಿಂತ ಮೇಲೆ ಅದು ಹರಿದರೆ, ಹುಟ್ಟು ಕೈಗೆ ತೆಗೆದುಕೊಳ್ಳುವಷ್ಟೂ ಹೊತ್ತು ಸಿಗುವುದಿಲ್ಲ. ಕೆಳಗೆ ಹಲ್ಲುಬಂಡೆಯ ಮೇಲೆ ನೀರು ಬೆಳ್ಳಗೆ ಒಡೆಯುತ್ತಿತ್ತು. ಗಿರಮಲ್ಲಪ್ಪ ಮೂತಿಗೆ ಹೋಗಿ ಬಗ್ಗಿದ. ಲಂಗರವನ್ನು ಸೊಂಟದವರೆಗೆ ಎತ್ತಿದ.

"ಏನ್ರೀ!" ಎಂದು ಲಗಮವ್ವ ಕೂಗಿದಳು. "ಏನ್ರೀ! ಇಲ್ಲಿ ನೋಡ್ರೀ!"

ದಂಡೆಯ ಮೇಲಿನ ಇಪ್ಪತ್ತು ಕೂಗಿನಲ್ಲಿ ಅದೂ ಒಂದಾಯಿತು. ಅವನು ತಲೆ ಎತ್ತಲಿಲ್ಲ.

ಕಸ್ತೂರೆವ್ವ ನೀರಿನ ಅಂಚಿಗೆ ಓಡಿದಳು. ಎರಡೂ ಕೈಯನ್ನು ಬಾಯಿಯ ಸುತ್ತ ಇಟ್ಟುಕೊಂಡು ಎದೆ ತುಂಬ ಉಸಿರು ತೆಗೆದುಕೊಂಡಳು. ಹೆಸರು ಹಿಡಿದು ಕೂಗುತ್ತಾಳೆ. ಅವಳಿಗೇನು, ಕೂಗಬಹುದು. ಅವಳಿಗೆ ಅವನು ಗಂಡನಲ್ಲ. ಇಡೀ ದಂಡೆ ನೋಡುತ್ತಿರುವಾಗ ಆ ಹೆಸರು ಅವಳ ಬಾಯಿಂದ ಹೊರಡುತ್ತದೆ, ಹೊಳೆಯ ಮೇಲೆ ಹೋಗಿ ಅವನಿಗೆ ಮುಟ್ಟುತ್ತದೆ, ಅವನು ತಿರುಗಿ ಅವಳನ್ನು ನೋಡುತ್ತಾನೆ. ಬದುಕುತ್ತಾನೆ, ಆದರೆ ಅವಳ ಕೂಗಿಗೆ ಬದುಕುತ್ತಾನೆ.

"ಗಿರಮಲ್ಲಪ್ಪಾ!"

ಕೂಗಿದ್ದು ಕಸ್ತೂರೆವ್ವನಲ್ಲ. ಅವಳ ಬಾಯಿ ತೆರೆದೇ ಇತ್ತು. ದಂಡೆಯ ಜನವೆಲ್ಲ ಮಾತು ನಿಲ್ಲಿಸಿ ಲಗಮವ್ವನ ಕಡೆ ತಿರುಗಿದರು. ಮದುವೆಯಲ್ಲಿ ಗಂಡನ ಹೆಸರನ್ನು ಒಡಪಿನ ಹಾಡಿನೊಳಗೆ ಸುತ್ತಿ, ನಾಚಿ, ಅರ್ಧ ನುಂಗಿ ಹೇಳಿದ್ದಷ್ಟೇ. ಆಮೇಲೆ ಆ ಹೆಸರನ್ನು ಅವಳ ನಾಲಿಗೆ ಮುಟ್ಟಿರಲಿಲ್ಲ. ದೇವರ ಗುಡಿಯಲ್ಲಿ ಪೂಜಾರಿ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಿದ್ದಳು. ಈಗ ಕೊರಳು ಹರಿಯುವಂತೆ ಮತ್ತೊಮ್ಮೆ ಕೂಗಿದಳು. "ಗಿರಮಲ್ಲಪ್ಪಾ! ಲಂಗರ ಬಿಡಬ್ಯಾಡಾ!" ಅವಸರದಲ್ಲಿ ಏಕವಚನವೂ ಬಂದುಹೋಯಿತು.

ದೋಣಿಯಲ್ಲಿ ಗಿರಮಲ್ಲಪ್ಪ ಲಂಗರ ಹಿಡಿದವನು ಹಿಡಿದಂತೆಯೇ ನಿಂತ. ಮುಂದಿನ ಮಾತು ನೀರಿನ ಸಪ್ಪಳದಲ್ಲಿ ಕರಗಿತು, ಹೆಸರು ಮಾತ್ರ ಮುಟ್ಟಿತು. ಹೆಂಡತಿಯ ದನಿ, ತನ್ನ ಹೆಸರು. ಹಾಗೆ ಕೂಗಬೇಕಾದರೆ ಮನೆಯಲ್ಲಿ ಯಾರೋ ಸತ್ತಿರಬೇಕು. ಲಂಗರವನ್ನು ಹಲಗೆಯ ಮೇಲೆ ಹಾಕಿ, "ಹುಲೆಪ್ಪಾ, ಹುಟ್ಟ ಹಾಕೋ! ಹೊಳ್ಳಸು!" ಎಂದು ಅರಚಿದ. ಸೀರೆಗಂಟಿನವರೂ ಹಲಗೆ, ಗಳ, ಸಿಕ್ಕಿದ್ದನ್ನು ಹಿಡಿದು ನೀರು ಬಡಿದರು. ಸೆಳವು ದೋಣಿಯ ಹಿಂಭಾಗವನ್ನು ಒಮ್ಮೆ ಎಳೆದು, ಮತ್ತೊಮ್ಮೆ ಎಳೆದು, ಕೊನೆಗೆ ಬಿಟ್ಟಿತು. ಜನ ಏರುವ ಘಟ್ಟದಿಂದ ಬಹಳ ಕೆಳಗೆ, ಯಾರದೋ ಜೋಳದ ಹೊಲದ ಬದುವಿಗೆ ಮೂತಿ ಚುಚ್ಚಿ ದೋಣಿ ನಿಂತಿತು. ಆಡುಗಳು ಮೊದಲು ಇಳಿದವು.

ದಂಡೆಯ ಜನವೆಲ್ಲ ಅತ್ತ ಓಡಿದರು. ಲಗಮವ್ವನೂ ಓಡಿದಳು, ಗಂಟನ್ನು ಮತ್ತೆ ತಲೆಗೇರಿಸಿ ಕಸ್ತೂರೆವ್ವನೂ ಓಡಿದಳು.

"ಯಾರ ಹೋದ್ರು?" ಎಂದ ಗಿರಮಲ್ಲಪ್ಪ. ಅವನ ತುಟಿ ಒಣಗಿತ್ತು.

"ಯಾರೂ ಹೋಗಿಲ್ರಿ."

"ಮತ್ತ?"

ಉತ್ತರ ಕೊಟ್ಟವಳು ಕಸ್ತೂರೆವ್ವ. ದೋಣಿಯೊಳಗಿನ ಲಂಗರದಿಂದ ಸರಪಳಿಯನ್ನು ಬಿಚ್ಚಿ ಎಳೆದುಕೊಂಡು, ಒಂದು ತುದಿಯನ್ನು ಬದುವಿನ ಬನ್ನಿಗಿಡದ ಬುಡಕ್ಕೆ ಸುತ್ತಿ, ಇನ್ನೊಂದು ತುದಿ ಹಿಡಿದು, ಕಾಲು ಊರಿ, ಒಂದು ಸಲ ಜಗ್ಗಿದಳು. ನಡುವಿನ ಕೊಂಡಿ ಬಾಯಿ ಬಿಟ್ಟಿತು. ನೆರೆದವರಲ್ಲಿ ಯಾರೋ ಅಭ್ಯಾಸಬಲದಿಂದ "ಏಳಕೋಟ!" ಎಂದುಬಿಟ್ಟರು, ಮರುಗಳಿಗೆಯೇ ನಾಚಿ ಸುಮ್ಮನಾದರು. ಗಿರಮಲ್ಲಪ್ಪ ಆ ಕೊಂಡಿಯನ್ನು ಕೈಗೆ ತೆಗೆದುಕೊಂಡು ಹಲ್ಲುಬಂಡೆಯ ಕಡೆ ನೋಡಿದ. ಆಮೇಲೆ ಬದುವಿನ ಮೇಲೆ ಕುಳಿತುಬಿಟ್ಟ.

ಕಸ್ತೂರೆವ್ವ ಒರಟು ಸರಪಳಿಯ ಗಂಟನ್ನು ತಂದು ಅವನ ಮುಂದೆ ಇಟ್ಟಳು. "ಬಳಿ ಕೂಡಿಸೇನ್ರಿ. ಇದು ನಿಮ್ಮದು," ಎಂದಳು. ಹರಿದ ದೇವರ ಲಂಗರವನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಹರಕೆಯವರು ಮನೆಯಲ್ಲಿ ಕಾಯುತ್ತಿದ್ದರು, ಆ ಕೊಂಡಿಯನ್ನು ಮತ್ತೆ ಮುಚ್ಚಿ ಕೊಡಬೇಕಿತ್ತು. ಲಗಮವ್ವನ ಕಡೆ ಒಮ್ಮೆ ನೋಡಿ, ನಕ್ಕಳೋ ಇಲ್ಲವೋ ಎನ್ನುವಂತೆ ನಕ್ಕು, ಬೀಳಗಿಯ ದಾರಿ ಹಿಡಿದಳು. ಹೋಗುವವಳ ಬೆನ್ನನ್ನು ಗಿರಮಲ್ಲಪ್ಪ ನೋಡುತ್ತಾನೆಯೇ ಎಂದು ಲಗಮವ್ವ ಅವನನ್ನೇ ನೋಡಿದಳು. ಅಷ್ಟಾದ ಮೇಲೂ ನೋಡಿದಳು. ಅವನು ನೋಡುತ್ತಿದ್ದದ್ದು ಹೆಂಡತಿಯನ್ನು.

ಜನ ಕರಗಿದರು. ಹುಲೆಪ್ಪ ಬೇಕೆಂದೇ ದೋಣಿಯ ಆ ಬದಿಗೆ ಹೋಗಿ ನೀರು ತೋಡತೊಡಗಿದ. ಈ ಸರಪಳಿಯನ್ನು ಆರಿಸಿದವಳು ಯಾರು ಎಂದು ಅವನು ಈಗ ಕೇಳುತ್ತಾನೆ, ಕೇಳಲಿ, ಹೊಡೆದರೂ ಹೊಡೆಯಲಿ ಎಂದು ಲಗಮವ್ವ ತಲೆ ಬಗ್ಗಿಸಿ ನಿಂತಳು.

"ಅಷ್ಟ ಮಂದ್ಯಾಗ ನನ್ನ ಹೆಸರ ಹಿಡದ ಕೂಗಿದಿಯಲ್ಲಾ," ಎಂದ ಗಿರಮಲ್ಲಪ್ಪ.

"ಆಕಿ ಕೂಗಾಕ ಬಾಯಿ ತಗದಿದ್ಲು."

"ಅದಕ್ಕ?"

"ಅದಕ್ಕ."

ಬಾಯಿ ಬಿಟ್ಟ ಕೊಂಡಿ ಹಿಡಿದಿದ್ದ, ಈಗ ಖಾಲಿಯಾದ ತನ್ನ ಅಂಗೈಯನ್ನು ಅವನು ತಿಕ್ಕಿಕೊಂಡ. "ಆಕಿ ಬಾಯಿ ತಗೀದ ಸುಮ್ನ ನಿಂತಿದ್ರ?" ಎಂದು ಕೇಳಿದ.

ಸುಳ್ಳು ಹೇಳಲು ಲಗಮವ್ವನ ಕೊರಳಲ್ಲಿ ದನಿ ಉಳಿದಿರಲಿಲ್ಲ.

"ಏನ್ರೀ ಏನ್ರೀ ಅಂತನ ಒದರತಿದ್ದೆ," ಎಂದಳು. "ನಿಮಗ ಕೇಳಸ್ತಿರಲಿಲ್ಲ."